ಹಾಸಿಗೆಯ ಮೇಲೆ ದೋಸೆ ಹೊಯ್ದ ಕೈ

2022ರ ಬೇಸಿಗೆಯಲ್ಲಿ ನಾನು ಮಹಾರಾಷ್ಟ್ರದ ಡೊಂಬಿವಲಿ ಪೂರ್ವದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಶಿಯನ್ ಆಗಿದ್ದೆ. ಯಾವ ರೋಗಿಗೆ ಏನು, ಎಷ್ಟು, ಹೇಗೆ ಉಣ್ಣಿಸಬೇಕೆಂದು ಹೇಳುವ ಕೆಲಸ. ಬರುವವರಲ್ಲಿ ಹೆಚ್ಚಿನವರು ಶುಗರಿನವರು, ಬೊಜ್ಜಿನವರು. ಅದು ತಿನ್ನಬೇಡಿ, ಇದು ಬಿಡಿ ಎನ್ನುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಅಪೌಷ್ಟಿಕತೆ ಎಂದರೆ ಸರಕಾರಿ ಪೋಸ್ಟರಿನ ಮಕ್ಕಳದ್ದು ಎಂದು ವಾರ್ಡಿನಲ್ಲಿ ಎಲ್ಲರೂ ತಿಳಿದಿದ್ದರು.

ಮೇ ತಿಂಗಳ ಒಂದು ಸೋಮವಾರ ಸದಾನಂದ ಎಂಬವರನ್ನು ಅವರ ಹೆಂಡತಿ ವಾಸಂತಿ ರಿಕ್ಷಾದಲ್ಲಿ ಕರೆತಂದರು. ವಯಸ್ಸು ಐವತ್ತೆರಡು. ಮೂಲ ಉಡುಪಿಯ ಕಡೆ. ಮಹಾಪೆಯ ಐಟಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ದೋಸೆಯ ಕಾವಲಿ ಅವರದ್ದು. ಬೆಳಗಿನ ಜಾವ ಶಿಲ್‌ಫಾಟಾ ಕಡೆಯ ಬಸ್ ಹಿಡಿದು ಹೋಗಿ, ಸಂಜೆಯವರೆಗೆ ಬೇರೆಯವರ ಹೊಟ್ಟೆ ತುಂಬಿಸುವ ಮನುಷ್ಯ. ತೂಕ ನೋಡಿದರೆ ಮೂವತ್ತೆಂಟು ಕಿಲೋ. ಅದರಲ್ಲೂ ಒಂದಷ್ಟು ಬರೀ ನೀರು. ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಊದಿಕೊಂಡಿದ್ದವು. ರಕ್ತದಲ್ಲಿ ಪ್ರೋಟೀನು ತೀರಾ ಇಳಿದಾಗ ನೀರು ನಾಳಗಳಲ್ಲಿ ನಿಲ್ಲದೆ ಹೀಗೆ ಅಂಗಾಂಶಗಳಲ್ಲಿ ಸೇರುವುದುಂಟು. ಕೂದಲು ಹಿಡಿದರೆ ಕೈಗೆ ಬರುತ್ತಿತ್ತು. ಕ್ಷಯ ಇರಲಿಲ್ಲ, ಕ್ಯಾನ್ಸರ್ ಇರಲಿಲ್ಲ, ಶುಗರೂ ಇರಲಿಲ್ಲ. ಅವರಿಗೆ ಇದ್ದದ್ದು ಹಸಿವು ಮಾತ್ರ.

ಆದದ್ದು ಇಷ್ಟೇ. ಮಗಳ ಬಾಣಂತನಕ್ಕೆಂದು ವಾಸಂತಿ ಫೆಬ್ರವರಿಯಲ್ಲಿ ಊರಿಗೆ ಹೋಗಿದ್ದರು. ಅದೇ ಹೊತ್ತಿಗೆ ಇವರು ಹಾಳಾದ ದವಡೆ ಹಲ್ಲುಗಳನ್ನು ಕೀಳಿಸಿಕೊಂಡರು. ಅಗಿಯಲಾಗದೆ ಚಹಾದಲ್ಲಿ ಬನ್ನು ಅದ್ದಿ ತಿಂದರು. ನೋವು ಹೋದ ಮೇಲೂ ಅದೇ ರೂಢಿಯಾಯಿತು. ಕಾವಲಿಯ ಹೊಗೆಯಲ್ಲಿ ನಿಂತವರಿಗೆ ಎಣ್ಣೆಯ ವಾಸನೆಗೇ ಹೊಟ್ಟೆ ತುಂಬಿದಂತಾಗುತ್ತದೆ. ಆಮೇಲೆ ಹಸಿವೇ ಸತ್ತಿತು, ಬನ್ನೂ ಅರ್ಧವಾಯಿತು. ಭಾನುವಾರ ರಾತ್ರಿ ವಾಸಂತಿ ಮರಳಿ ಬಾಗಿಲು ತಟ್ಟಿದಾಗ, ತೆರೆದವರು ಯಾರೆಂದು ಒಂದು ಕ್ಷಣ ಅವರಿಗೆ ತಿಳಿಯಲಿಲ್ಲವಂತೆ.

ಇಂಥ ದೇಹಕ್ಕೆ ಅನ್ನವೇ ಅಪಾಯ. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಬಹುಕಾಲ ಉಪವಾಸವಿದ್ದ ದೇಹ ತನ್ನ ಫಾಸ್ಫೇಟ್, ಪೊಟ್ಯಾಸಿಯಂಗಳನ್ನೆಲ್ಲ ಕಳೆದುಕೊಂಡಿರುತ್ತದೆ. ಒಮ್ಮೆಲೇ ಅನ್ನ, ಬೆಲ್ಲ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದ ಅಷ್ಟಿಷ್ಟನ್ನೂ ಜೀವಕೋಶಗಳೊಳಗೆ ಎಳೆದುಕೊಳ್ಳುತ್ತದೆ. ಆಗ ಹೃದಯ ತಾಳ ತಪ್ಪುತ್ತದೆ. ಹಾಗಾಗಿ ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್ನಿನ ಇಂಜೆಕ್ಷನ್, ಮೊದಲ ದಿನ ನಾನೂರು ಕ್ಯಾಲೊರಿಗಿಂತ ಹೆಚ್ಚಿಲ್ಲ ಎಂದು ಡಾಕ್ಟರೂ ನಾನೂ ನಿಶ್ಚಯಿಸಿದೆವು. ಹೆಚ್ಚು ಕಡಿಮೆ ಅವರೇ ಮಾಡಿಕೊಡುವ ಒಂದು ಮಸಾಲೆ ದೋಸೆಯಷ್ಟು, ಇಡೀ ದಿನಕ್ಕೆ.

ವಾಸಂತಿಗೆ ಎಲ್ಲ ವಿವರಿಸಿದೆ. ತಲೆಯಾಡಿಸಿದರು. ಆದರೆ ನಮ್ಮವರು ಆಸ್ಪತ್ರೆಗೆ ಬರಿಗೈಯಲ್ಲಿ ಬರುವುದಿಲ್ಲ. ಅವರ ವಸತಿ ಸೊಸೈಟಿಯವರು ಎಳನೀರು, ಬಾಳೆಹಣ್ಣಿನ ಶೀರಾ ತಂದರು. ಕ್ಯಾಂಟೀನಿನ ಜೊತೆಗಾರರು ಗ್ಲೂಕೋಸ್ ಪುಡಿ ತಂದು, ದೋಸೆ ಭಟ್ರೇ, ನೀವಿಲ್ಲದೆ ದೋಸೆಯೆಲ್ಲ ಮಹಾರಾಷ್ಟ್ರದ ನಕ್ಷೆಯ ಹಾಗೆ ಬರುತ್ತಿದೆ ಎಂದು ನಗಿಸಿದರು. ಬಂದದ್ದನ್ನೆಲ್ಲ ನಾನು ನರ್ಸುಗಳ ಮೇಜಿನ ಮೇಲಿಡಿಸಿದೆ. ಇಷ್ಟಾದರೆ ಸಾಕು ಅನ್ನಿಸಿತು.

ಬುಧವಾರ ಮಧ್ಯಾಹ್ನ ನರ್ಸ್ ಓಡಿ ಬಂದಳು. "ಮ್ಯಾಡಮ್, ಲೌಕರ್ ಯಾ, ಬೇಗ ಬನ್ನಿ. ದೋಸೆಯ ಕಾಕಾ ಏನೇನೋ ಮಾಡ್ತಿದ್ದಾರೆ."

ಹೋಗಿ ನೋಡಿದರೆ ಸದಾನಂದರ ಬಲಗೈ ಹಾಸಿಗೆಯ ಮೇಲೆ ದೋಸೆ ಹೊಯ್ಯುತ್ತಿತ್ತು. ನಡುವಿನಿಂದ ಹೊರಕ್ಕೆ ನಿಧಾನವಾಗಿ ಸುತ್ತು, ಸುತ್ತು, ಎತ್ತಿ, ಮತ್ತೆ ನಡುವಿಗೆ. ಕಣ್ಣುಗುಡ್ಡೆಗಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಬಸ್ ಹೋಯಿತಾ ಎಂದು ಕೇಳುತ್ತಿದ್ದರು. ಉಸಿರು ಮೇಲುಸಿರು. ಮಾನಿಟರಿನ ಗೆರೆ ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ಏನೂ ಇಲ್ಲದಂತೆ ಓಡುತ್ತಿತ್ತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಡೆಯುವಾಗ ಓದು ನೆರವಿಗೆ ಬರುವುದಿಲ್ಲ. ಅವರನ್ನು ಐಸಿಯುಗೆ ಒಯ್ದ ಮೇಲೆ ಬಂದ ರಿಪೋರ್ಟಿನಲ್ಲಿ ಫಾಸ್ಫೇಟ್ ನಾವು ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿತ್ತು. ನಾನೂರು ಕ್ಯಾಲೊರಿಗೆ ಹೀಗಾಗುವುದಿಲ್ಲ ಎಂದುಕೊಂಡು ವಾರ್ಡಿಗೆ ಮರಳಿ ಅವರ ಖಾಲಿ ಹಾಸಿಗೆಯ ಕೆಳಗೆ ಬಗ್ಗಿ ನೋಡಿದೆ. ಬಟ್ಟೆಯ ಚೀಲದಲ್ಲಿ ಸ್ಟೀಲಿನ ಡಬ್ಬಿ ಇತ್ತು. ಬೆಲ್ಲ ಹಾಕಿದ ರಾಗಿ ಮಣ್ಣಿ, ಕಾಲು ಭಾಗ ಉಳಿದಿತ್ತು.

ವಾಸಂತಿ ಐಸಿಯು ಬಾಗಿಲಲ್ಲಿ ನಿಂತಿದ್ದರು. ಮಗಳಿಗೆ ಮೂರು ತಿಂಗಳು ಉಣ್ಣಿಸಿ ಎಬ್ಬಿಸಿದ ಕೈ ಅದು. ಗಂಡನಿಗೂ ಅದನ್ನೇ ಮಾಡಿತ್ತು. ನಿಜ ಹೇಳಿದರೆ ಅದನ್ನು ಅವರು ಜೀವನವಿಡೀ ಹೊರಬೇಕು. ಹೇಳದಿದ್ದರೆ ನಾಳೆ ಇನ್ನೊಂದು ಡಬ್ಬಿ ಬರುತ್ತದೆ. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಕಂಡು ಅವರೇ ಬಾಯಿಬಿಟ್ಟರು.

"ನಾನು ಕೊಟ್ಟದ್ದು ಅನ್ನ ಅಲ್ವಾ ಅಕ್ಕ? ವಿಷ ಅಲ್ವಲ್ಲ?"

"ವಾಸಂತಿ, ಕೆಂಪಗೆ ಕಾದ ಕಾವಲಿಗೆ ಒಂದು ಕೊಡಪಾನ ತಣ್ಣೀರು ಹೊಯ್ದರೆ ಎಂತ ಆಗ್ತದೆ?"

"ಒಡೀತದೆ."

"ನೀರು ಕೆಟ್ಟದ್ದಾ?"

ಅವರು ಅಲ್ಲೇ ಗೋಡೆಗೊರಗಿ ಕೂತರು. ಬದುಕ್ತಾರಾ ಎಂದು ಕೇಳಲಿಲ್ಲ.

ಡ್ರಿಪ್ಪಿನಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಹೋಯಿತು. ಥಯಾಮಿನ್ ಪ್ರಮಾಣ ಹೆಚ್ಚಿಸಿದರು. ಊಟವನ್ನು ಇನ್ನೂ ಇಳಿಸಿದೆವು. ಅಳೆದ ಗಂಜಿ ತಿಳಿಯನ್ನು ಚಮಚದಲ್ಲಿ ಕುಡಿಸುವ ಕೆಲಸವನ್ನು ನಾನು ವಾಸಂತಿಗೇ ಕೊಡಿಸಿದೆ. ನರ್ಸ್ ಹಿಂಜರಿದಳು. ನನಗೂ ಹೆದರಿಕೆ ಇತ್ತು, ಆದರೆ ಉಣ್ಣಿಸುವ ಕೈಯನ್ನು ಹೊರಗೆ ನಿಲ್ಲಿಸಿದರೆ ಅದು ಕದ್ದಾದರೂ ಉಣ್ಣಿಸುತ್ತದೆ. ಅವರು ಹೇಳಿದ್ದಕ್ಕಿಂತ ಒಂದು ಚಮಚ ಹೆಚ್ಚು ಹೋಗದಂತೆ ಕುಡಿಸಿದರು. ಶುಕ್ರವಾರ ಹಾಸಿಗೆಯ ಮೇಲಿನ ಕೈ ನಿಂತಿತು. ಆ ಕೈ ನಿಂತದ್ದು ಕಂಡು ನಾನು ಮೊದಲು ನೋಡಿದ್ದು ಮಾನಿಟರನ್ನು. ಗೆರೆ ಸಮನಾಗಿ ಓಡುತ್ತಿತ್ತು. ಸದಾನಂದರು ಹೆಂಡತಿಯ ಮುಖವನ್ನೇ ನೋಡಿ, "ನೀನು ಯಾವಾಗ ಬಂದದ್ದು?" ಎಂದರು.

ಡಿಸ್ಚಾರ್ಜಿನ ಹೊತ್ತಿಗೆ ವಾಸಂತಿ ಜಗಳ ತೆಗೆದರು. ಊರಿನಿಂದ ದಿನಾ ಫೋನು ಮಾಡಿ ಊಟ ಆಯ್ತಾ ಅಂತ ಕೇಳಿದ್ದೆ, ದಿನಾ ಆಯ್ತು ಅಂದದ್ದು ಯಾರು ಎಂದು. ಸದಾನಂದರು ನಾಚಿಕೊಂಡು ನನ್ನ ಕಡೆ ತಿರುಗಿದರು. "ಮೇಡಂ, ಹೋಟ್ಲಿನವನ ಹತ್ರ ಅದನ್ನು ಯಾರು ನಿಜವಾಗಿ ಕೇಳ್ತಾರೆ?"

ಆ ಮಾತು ನನ್ನ ಕೆಲಸವನ್ನೇ ಬದಲಿಸಿತು. ಊಟ ಆಯ್ತಾ ಎಂಬುದು ನಮ್ಮಲ್ಲಿ ನಮಸ್ಕಾರದ ಹಾಗೆ, ಆಯ್ತು ಎಂಬುದು ತಿರುಗಿ ಮಾಡುವ ನಮಸ್ಕಾರ. ಹಸಿವು ಅದರ ಹಿಂದೆ ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು, ಅದೂ ಅಡುಗೆಮನೆಯ ನಟ್ಟನಡುವೆ. ಅಂದಿನಿಂದ ನಾನು ಯಾವ ರೋಗಿಯನ್ನೂ ಹಾಗೆ ಕೇಳಿಲ್ಲ.

ತಿಂಗಳುಗಳ ನಂತರ ಮರುತಪಾಸಣೆಯ ದಿನ ವಾಸಂತಿ ಒಬ್ಬರೇ ಬಂದು, ಅವರಿಗೆ ರಜೆ ಸಿಗಲಿಲ್ಲ, ರಿಪೋರ್ಟು ನಾನೇ ತಂದೆ ಎಂದರು. ಫಾಸ್ಫೇಟ್ ಸರಿಯಿತ್ತು, ತೂಕ ಐವತ್ತರ ಹತ್ತಿರ. ನಾನು ಓದುತ್ತಿದ್ದಂತೆ ಅವರು ಫೋನು ಹಚ್ಚಿ, ನನಗೂ ಕೇಳಲೆಂದು ಮೇಜಿನ ಮೇಲಿಟ್ಟರು. ಆ ಕಡೆಯಿಂದ ಕಾವಲಿಯ ಚುಂಯ್ ಸದ್ದು.

"ಇವತ್ತು ಎಂತ ಉಂಡದ್ದು?" ವಾಸಂತಿ ಕೇಳಿದರು.

"ಅನ್ನ, ಹುರುಳಿ ಸಾರು," ಎಂದರು ಸದಾನಂದರು. ದೋಸೆ ಮಗುಚಿದ ಸದ್ದಿನ ನಡುವೆ, "ಒಂದು ಮೊಟ್ಟೆ."

"ಮತ್ತೆ?"