ಒಂದು ಗೇಣು ಸರಿದ ಗೋಡೆ

ಜೆಕಿಯೆ ಹಟಮಾರಿ ಹೆಂಗಸು. ಹುಟ್ಟುವಾಗಲೇ ಮುಷ್ಟಿ ಬಿಗಿ ಹಿಡಿದುಕೊಂಡು ಬಂದವಳು ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳಂತೆ. ಗೆರೆಡೆ ಪಟ್ಟಣದಿಂದ ಪೂರ್ವಕ್ಕಿರುವ ನಮ್ಮೂರಿನಲ್ಲಿ ಅವಳ ಬಾಯಿಗೆ ಸಿಕ್ಕಿ ಪಾರಾದವರಿಲ್ಲ. ಅಂಥವಳು ಅಣ್ಣ ದುರ್ಸುನ್ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದಳು. ಅಪ್ಪ ಬದುಕಿದ್ದಾಗಲೇ ಸೇಬಿನ ತೋಟವನ್ನು ಇಬ್ಬರಿಗೂ ಹಂಚಿ, ಮನೆಗಳಿರುವ ಕಡೆಯಿಂದ ಹಳ್ಳದವರೆಗೆ ನೇರವಾಗಿ ಒಂದು ಕಲ್ಲುಗೋಡೆ ಕಟ್ಟಿಸಿದ್ದ. ಗೋಡೆ ಹೆಸರಿಗಷ್ಟೇ ಗೋಡೆ. ಅತ್ತಿಗೆ ಎಮಿನೆ ಅದರ ಮೇಲಿಂದಲೇ ಚೀಸ್ ತುಂಬಿದ ಬಿಸಿ ಬ್ಯೋರೆಕ್ ದಾಟಿಸುತ್ತಿದ್ದಳು, ಜೆಕಿಯೆ ಆ ತಟ್ಟೆಗೆ ಒಣಪ್ಲಮ್ ತುಂಬಿ ಹಿಂದಿರುಗಿಸುತ್ತಿದ್ದಳು.

ಗೋಡೆ ಸೊಟ್ಟಗಾಗಿರುವುದು ಅವಳ ಕಣ್ಣಿಗೆ ಬಿದ್ದದ್ದು ಮಗಳ ಮದುವೆಯ ವರ್ಷ. ಸುಣ್ಣ ಬಳಿಯಲು ಹೋದವಳು ನೋಡುತ್ತಾಳೆ, ಮನೆ ಕಡೆಯ ಅರ್ಧ ಇದ್ದಲ್ಲೇ ಇದೆ, ಹಳ್ಳದ ಕಡೆಯ ಅರ್ಧ ಅವಳ ತೋಟದೊಳಕ್ಕೆ ಒಂದು ಗೇಣು ಬಂದುಬಿಟ್ಟಿದೆ! ಗೋಡೆ ಸರಿದಿದ್ದರೆ ಸರಿಸಿದವನೊಬ್ಬ ಇರಲೇಬೇಕು, ಇದು ನಮ್ಮ ಜನರ ಲೆಕ್ಕ. ಭೂಕಂಪ ಕಾಣದ ಊರೇನಲ್ಲ ನಮ್ಮದು. ಆದರೆ ಭೂಕಂಪವೆಂದರೆ ಸದ್ದಾಗಬೇಕು, ನಾಲ್ಕು ಮನೆ ಬೀಳಬೇಕು. ಸದ್ದಿಲ್ಲದೆ ಬರುವವನು ಕಳ್ಳನೇ. ದುರ್ಸುನ್ ಅಮ್ಮನ ಮೇಲೆ ಆಣೆ ಇಟ್ಟ. ಜೆಕಿಯೆ ಕೇಳಲಿಲ್ಲ, ಓಣಿಗೆಲ್ಲ ಕೇಳುವ ಹಾಗೆ ಅವನನ್ನು ಕಳ್ಳ ಎಂದಳು. ಅವನು ಮದುವೆಗೂ ಬರಲಿಲ್ಲ.

ಅಂದಿನಿಂದ ಮಾತು ನಿಂತಿತು. ಬೈರಾಮ್ ಹಬ್ಬದ ಬೆಳಿಗ್ಗೆ ಚಿಕ್ಕವರು ದೊಡ್ಡವರ ಮನೆಗೆ ಹೋಗಿ, ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳಬೇಕು. ಹೋಗಬೇಕಾದವಳು ಇವಳು. ಪ್ರತಿ ಹಬ್ಬಕ್ಕೂ ಅಣ್ಣನಿಗೆ ಇಷ್ಟವೆಂದು ಆಕ್ರೋಟ್ ಹಾಕಿ ಬಕ್ಲಾವ ಸಿಹಿ ಮಾಡುವಳು, ಹೊಸ ತಲೆವಸ್ತ್ರ ಕಟ್ಟಿಕೊಂಡು ಬಾಗಿಲವರೆಗೆ ಬರುವಳು, ಆಚೆ ಮನೆಯಿಂದ ಅವನ ಕೆಮ್ಮು ಕೇಳಿಸಿಕೊಂಡು ಒಳಗೆ ಹೋಗುವಳು. ಎಮಿನೆ ಕಾಯಿಲೆ ಬಿದ್ದು ಸತ್ತಾಗಲೂ ಅಷ್ಟೇ. ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಈಚೆಯೇ ಅತ್ತಳು. ಅಣ್ಣ ಬೇಕು, ಸೋಲುವುದು ಬೇಡ. ಇಂಥ ಹಟಕ್ಕೆ ಏನನ್ನೋಣ!

ಹೋದ ವಸಂತದಲ್ಲಿ ವಿಶ್ವವಿದ್ಯಾಲಯದಿಂದ ಸೆವ್ಗಿ ಎಂಬ ಹುಡುಗಿ ಬಂದಳು. ನೆಲದ ಬಿರುಕಿನ ಜಾಡು ಹಿಡಿದು ಊರೂರು ಅಲೆಯುವುದೇ ಅವಳ ಕೆಲಸ. ಗೋಡೆ ನೋಡಿ ಹಿಗ್ಗಿಹೋದಳು, ಎರಡೂ ಅರ್ಧಕ್ಕೆ ಮೊಳೆ ಹೊಡೆದು ಅಳೆದಳು. ಜೆಕಿಯೆ ಚಹಾ ಕೊಡುತ್ತ, ಇದೆಲ್ಲ ನಮ್ಮಣ್ಣನ ಕೈಚಳಕ ಎಂದಳು. ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. ಈ ತೋಟದಡಿಯಲ್ಲಿ ನೆಲದ ಎರಡು ದೊಡ್ಡ ಹಾಸುಗಳು ಒಂದನ್ನೊಂದು ಉಜ್ಜಿಕೊಂಡು ಎದುರುಬದುರಾಗಿ ಸಾಗುತ್ತಿವೆಯಂತೆ. ಬೇರೆ ಕಡೆ ಅವು ಕಚ್ಚಿಕೊಂಡು ನಿಂತುಬಿಡುತ್ತವೆ, ಒತ್ತಡ ಮಾತ್ರ ಏರುತ್ತಲೇ ಇರುತ್ತದೆ. ತುಕ್ಕು ಹಿಡಿದ ಚಿಲಕ ಎಳೆದೆಳೆದು ಸಾಕಾದ ಮೇಲೆ ಫಟ್ಟನೆ ಬಿಟ್ಟುಕೊಳ್ಳುವ ಹಾಗೆ, ಒಂದು ದಿನ ಒಮ್ಮೆಲೇ ಜಾರುತ್ತವೆ. ಅದೇ ಭೂಕಂಪ. ಇಲ್ಲಿ ಹಿಡಿತ ಅಷ್ಟು ಬಿಗಿಯಿಲ್ಲ, ಅದಕ್ಕೇ ವರ್ಷಕ್ಕೆ ಕಿರುಬೆರಳ ಉಗುರಿನಗಲ ಸದ್ದಿಲ್ಲದೆ ಸರಿಯುತ್ತಿದೆ.

“ಇಲ್ಲಿ ಮನೆ ಹತ್ರ ನಿಂತು ನೋಡಿದ್ರೆ ಹಳ್ಳದ ಕಡೆ ಬಲಕ್ಕೆ ಹೋದ ಹಾಗೆ ಕಾಣುತ್ತೆ. ಹಳ್ಳದ ಹತ್ರ ನಿಂತು ನೋಡಿ, ಈ ಕಡೆನೇ ಬಲಕ್ಕೆ ಹೋಗಿರುತ್ತೆ. ನೆಲವೇ ಗೋಡೆನ ಹೊತ್ತುಕೊಂಡು ಸರಿದಿದೆ, ಯಾರೂ ಸರಿಸಿಲ್ಲ, ದೊಡ್ಡಮ್ಮ.”

ಜೆಕಿಯೆ ಹಳ್ಳದವರೆಗೆ ನಡೆದುಹೋಗಿ ತಿರುಗಿ ನೋಡಿದಳು. ಹುಡುಗಿ ಹೇಳಿದ ಹಾಗೆಯೇ ಇತ್ತು. ಅಲ್ಲೇ ಕೂತು ಅತ್ತಳು. ಅಣ್ಣ ಕದ್ದಿಲ್ಲ ಎಂಬ ಸಂತೋಷಕ್ಕೆ, ಇಷ್ಟು ವರ್ಷ ಹಾಳುಮಾಡಿಕೊಂಡೆನಲ್ಲ ಎಂಬ ಸಂಕಟಕ್ಕೆ.

ಆ ಬೈರಾಮ್‌ಗೆ ಬಕ್ಲಾವದ ತಟ್ಟೆ ಹಿಡಿದು ಅಣ್ಣನ ಹೊಸ್ತಿಲು ದಾಟಿದಳು. ದುರ್ಸುನ್ ಕಿಟಕಿಯ ಬಳಿ ಕೂತಿದ್ದ, ಪೂರ್ತಿ ಮುದುಕನಾಗಿದ್ದ. ನೆಲ ಸರಿದದ್ದು, ಹುಡುಗಿ ಮೊಳೆ ಹೊಡೆದು ಅಳೆದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಪೂರ್ತಿ ಕೇಳಿದ.

“ಗುರುತು ಪರಿಚಯ ಇಲ್ಲದ ಹುಡುಗಿ ಹೇಳಿದ್ಲು, ನೀನು ನಂಬಿದೆ. ನಾನು ಅಮ್ಮನ ಮೇಲೆ ಆಣೆ ಇಟ್ಟೆ ಕಣೆ.”

“ತಪ್ಪಾಯ್ತು ಅಣ್ಣ. ಕೈ ಕೊಡು.”

ಅವನು ಕೈ ಚಾಚಿದ. ಅವಳು ಮುತ್ತಿಟ್ಟು ಹಣೆಗೊತ್ತಿಕೊಂಡಳು, ಬಿಡಲೇ ಇಲ್ಲ. ಅವನೂ ಎಳೆದುಕೊಳ್ಳಲಿಲ್ಲ. ಮೊದಲಾದರೆ ಇನ್ನೊಂದು ಕೈಯಿಂದ ತಲೆ ಸವರುತ್ತಿದ್ದ. ಅದಕ್ಕಾಗಿ ಅವಳು ಬಗ್ಗಿಯೇ ಕಾದಳು.

“ಎಮಿನೆ ಕೊನೇ ದಿನ ನಿನ್ನನ್ನೇ ಕೇಳ್ತಿದ್ಲು,” ಎಂದ ದುರ್ಸುನ್. “ಹೊರಟಿದಾಳೆ, ಈಗ ಬರ್ತಾಳೆ ಅಂದೆ. ಬಾಗಿಲು ನೋಡ್ತಾನೇ ಹೋದ್ಲು.”