ಹನ್ನೆರಡು ಗಂಟಿನ ದಾರ

ತಂಗಡಗಿಯ ಹೊನ್ನವ್ವನ ಮನೆಗೆ ಬರುವ ಹೆಣ್ಣುಮಕ್ಕಳು ಯಾರೂ ನೆಟ್ಟಗೆ ವಿಷಯಕ್ಕೆ ಬರುತ್ತಿರಲಿಲ್ಲ. ಮೊದಲು ಮಳೆಯ ಮಾತು, ಆಮೇಲೆ ಸೊಸೆಯ ಮಾತು, ಆಮೇಲೆ ಮೊಣಕಾಲು ನೋವಿನ ಮಾತು. ಕಡೆಗೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಏನೋ ಯವ್ವಾ, ಇದ್ದಕ್ಕಿದ್ದಂಗ ಮೈಯಾಗ ಒಲಿ ಹೊತ್ತಿದಂಗ ಆಗತೈತಿ" ಎನ್ನುತ್ತಿದ್ದರು. ಅಷ್ಟು ಸಾಕು. ಹೊನ್ನವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಂತು ಎಷ್ಟ ತಿಂಗಳಾತು?"

ಏನು ನಿಂತದ್ದು ಎಂದು ಬಂದವಳೂ ಹೇಳುತ್ತಿರಲಿಲ್ಲ, ಇವಳೂ ಹೇಳುತ್ತಿರಲಿಲ್ಲ. ಮೂವತ್ತೈದು ವರ್ಷ ಮುಟ್ಟಿನ ಜೊತೆ ಬಾಳಿ, ಮಕ್ಕಳನ್ನು ಹೆತ್ತು ಬೆಳೆಸಿದವರು ಅದರ ಹೆಸರು ಹೇಳಲು ನಾಚುತ್ತಿದ್ದರು. ಆ ನಾಚಿಕೆಗಿಷ್ಟು ಬೆಂಕಿ ಹಾಕ! ನಾನು ಹೇಳಹೊರಟ ಕಥೆಯಲ್ಲಿ ಜೀವ ತಿಂದದ್ದು ಅದೇ.

ಹೊನ್ನವ್ವ ಕೊಡುತ್ತಿದ್ದುದು ಬೇರಿನ ಉಂಡಿ. ಊರಾಚೆಯ ಕಲ್ಲುಗುಡ್ಡದ ಓರೆಯಲ್ಲಿ, ಮುಳ್ಳುಬೇಲಿಗಳ ಬುಡದಲ್ಲಿ ಒಂದು ಬಳ್ಳಿ ಬೆಳೆಯುತ್ತದೆ. ಪೇಟೆಯಲ್ಲಿ ಶತಾವರಿ ಎಂದು ಡಬ್ಬಿಗೆ ತುಂಬಿ ಮಾರುತ್ತಾರಲ್ಲ, ಅದೇ. ಹಳೆಯ ಜನ ಅದನ್ನು ಹಲವು ಮಕ್ಕಳ ತಾಯಿ ಎನ್ನುತ್ತಾರೆ. ಮಣ್ಣು ಸರಿಸಿದರೆ ಬೆರಳುಗಾತ್ರದ ಬಿಳಿ ಬೇರುಗಳು ಹತ್ತಾರು, ಒಂದನ್ನೊಂದು ತಬ್ಬಿಕೊಂಡು ಮಲಗಿರುತ್ತವೆ. ಸಿಪ್ಪೆ ಸುಲಿದು, ನಡುವಿನ ನಾರು ಎಳೆದು, ನೆರಳಲ್ಲಿ ಒಣಗಿಸಿ ಪುಡಿ ಮಾಡಬೇಕು. ಹುರಿದ ಅಗಸಿ, ಕರಿ ಎಳ್ಳು, ಬೆಲ್ಲ ಕೂಡಿಸಿ ಉಂಡಿ ಕಟ್ಟಬೇಕು. ತಿಂದವರಲ್ಲಿ ಕೆಲವರಿಗೆ ಮೈಯ ಝಳ ಕಡಿಮೆಯಾಗುತ್ತಿತ್ತು, ನಿದ್ದೆ ಹತ್ತುತ್ತಿತ್ತು. ಕೆಲವರಿಗೆ ಏನೂ ಆಗುತ್ತಿರಲಿಲ್ಲ, ಆದರೂ ಉಂಡಿ ರುಚಿಯಾಗಿದೆ ಎಂದು ಮತ್ತೆ ಬರುತ್ತಿದ್ದರು.

ಬೇರು ಕೀಳುವುದಕ್ಕೆ ಕಟ್ಟಳೆ ಇತ್ತು. ಮುಟ್ಟು ನಿಂತ ಕೈಯೇ ಅದನ್ನು ಮುಟ್ಟಬೇಕು. ಕೀಳುವವಳ ನೆರಳು ಬೇರಿನ ಮೇಲೆ ಬೀಳಬಾರದು, ಆದ್ದರಿಂದ ಸೂರ್ಯ ನೆತ್ತಿಯ ಮೇಲೆ ಬಂದಾಗಲೇ ಕೀಳಬೇಕು. ಒಂದು ಬೇರನ್ನು ಮಣ್ಣಿನಲ್ಲೇ ತಾಯಿಗೆ ಬಿಟ್ಟು ಬರಬೇಕು. ಮುಟ್ಟು ನಿಂತದ್ದು ಖರೆ ಎಂದು ಗೊತ್ತಾಗುವುದು ಹೇಗೆ? ಅದಕ್ಕೊಂದು ಕರಿ ಉಣ್ಣೆಯ ದಾರ. ಮುಟ್ಟಾಗದ ತಿಂಗಳಿಗೊಂದು ಗಂಟು. ನಡುವೆ ಮುಟ್ಟಾದರೆ ಎಲ್ಲ ಗಂಟು ಬಿಚ್ಚಿ ಮೊದಲಿನಿಂದ ಶುರು. ಸತತ ಹನ್ನೆರಡು ಗಂಟು ಬಿದ್ದ ಮೇಲೆ ಆ ದಾರವನ್ನು ಹಾರೆಯ ಹಿಡಿಗೆ ಕಟ್ಟಿಕೊಳ್ಳಬೇಕು. ಹಸಿ ಕೈಯಿಂದ, ಅಂದರೆ ಇನ್ನೂ ಮುಟ್ಟಾಗುವವಳ ಕೈಯಿಂದ, ಕಿತ್ತ ಬೇರು ವಿಷವಾಗಿ, ತಿಂದವರ ಒಡಲು ತಿನ್ನುತ್ತದೆ ಎಂದು ನಂಬಿಕೆ.

ಇದನ್ನೆಲ್ಲ ಹೊನ್ನವ್ವನಿಗೆ ಕಲಿಸಿದವಳು ಅತ್ತೆ ಮಾಳವ್ವ. ಇನ್ನೂ ಒಂದು ಮಾತು ಕಲಿಸಿದ್ದಳು. "ಉಂಡಿ ತಿಂದಾಕಿ ಯಾರರೆ ಬಂದು, ನಿಂತಿದ್ದು ಮತ್ತ ಕಾಣಿಸ್ತು ಅಂದ್ರ ಹೆದರಸಬ್ಯಾಡ ಹೊನ್ನಿ. ಬೇರು ಹಿಡದೈತಿ, ಹರೇದ ವಯಸ್ಸು ತಿರುಗಿ ಬಂದೈತಿ ಅನ್ನು. ನಕ್ಕೋತ ಹೋಗತಾಳ."

ಹದಿನೆಂಟು ವರ್ಷದ ಹಿಂದೆ ಒಂದು ಮಟಮಟ ಮಧ್ಯಾಹ್ನ ಹೊನ್ನವ್ವ ಬುತ್ತಿ ಹಿಡಿದು ಹೊಳೆದಂಡೆಯ ಹಾದಿ ಬಂದಿದ್ದಳು. ಆ ಹೊತ್ತಿನಲ್ಲಿ ಕೃಷ್ಣೆಯ ದಂಡೆಗೆ ನಾಯಿಯೂ ಹೋಗುವುದಿಲ್ಲ. ಒಗೆಯುವ ಬಂಡೆಯ ಮೇಲೆ ಅತ್ತೆ ಒಬ್ಬಳೇ ಕುಕ್ಕರಗಾಲಲ್ಲಿ ಕೂತು, ಹಳೆ ಸೀರೆಯ ತುಂಡೊಂದನ್ನು ದಪ್ ದಪ್ ಎಂದು ಬಡಿಯುತ್ತಿದ್ದಳು. ನೀರು ಕೆಂಪಗೆ ಹರಿಯುತ್ತಿತ್ತು. ಅರವತ್ತು ದಾಟಿದ ಮುದುಕಿಗೆ ಇದೆಲ್ಲಿಯ ರಕ್ತ? ಸೊಸೆಯನ್ನು ಕಂಡು ಮಾಳವ್ವ ತುಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನೀ ಏನೂ ನೋಡಿಲ್ಲ" ಎಂದಳು.

"ಅತ್ತಿ, ಏನಾಗೇತಿ..."

"ನೋಡಿಲ್ಲ ಅಂದೆ. ಮಂದಿಗೆ ಗೊತ್ತಾದ್ರ ನನ್ನ ಕೈಯಾಗಿನ ಉಂಡಿ ಯಾರ ತಿಂತಾರ?"

ಹೊನ್ನವ್ವ ತಲೆ ತಗ್ಗಿಸಿ ಬುತ್ತಿ ಹಿಡಿದು ಮುಂದೆ ನಡೆದಳು. ವರ್ಷ ತುಂಬುವುದರೊಳಗೆ ಮಾಳವ್ವ ಹೊಟ್ಟೆ ಬಾತು, ಮೈಯೆಲ್ಲ ಕರಗಿ ಕಡ್ಡಿಯಾಗಿ ಹೋಗಿಬಿಟ್ಟಳು. ಗಾಳಿ ಬಡಿಯಿತು ಎಂದರು ಊರವರು. ಹೊನ್ನವ್ವ ಹೌದೆಂದಳು.

ಮುಂದೆ ಐವತ್ತಕ್ಕೆ ಹೊನ್ನವ್ವನಿಗೂ ಮುಟ್ಟು ನಿಂತಿತು. ಹನ್ನೆರಡು ಗಂಟು ಬಿದ್ದವು. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಅತ್ತೆಯ ಹಾರೆ ಹೊರಗೆ ಬಂತು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಅತ್ತ ಇಂಡಿ ಕಡೆಯ ಹೊರ್ತಿಯಿಂದಲೂ ಹೆಣ್ಣುಮಕ್ಕಳು ಬರತೊಡಗಿದರು. ಕುರಿ ಹಿಂಡು ಬಿಟ್ಟರೆ ಬೇರೇನೂ ತಿಳಿಯದ ಗಂಡ ಮಾಳಿಂಗ, "ಇದೇನ ನಿನ್ನ ದರ್ಬಾರ!" ಎಂದು ಚಾಷ್ಟಿ ಮಾಡುತ್ತ ಹೊರಗಿನ ಕಟ್ಟೆಗೆ ಎದ್ದು ಹೋಗುತ್ತಿದ್ದ. ಹೊನ್ನವ್ವನಿಗೆ ಆ ದರ್ಬಾರು ಪ್ರಾಣವಾಗಿತ್ತು. ಹುಟ್ಟಿದಾಗಿನಿಂದ ಯಾರೂ ಅವಳ ಮಾತಿಗೆ ಕಿವಿಗೊಟ್ಟಿರಲಿಲ್ಲ, ಈಗ ಓದಿದ ಹೆಂಗಸರೂ ಕಾಲು ಮಡಚಿ ಕೂತು ಕೇಳುತ್ತಿದ್ದರು.

ಹಾಗೆ ಐದಾರು ವರ್ಷ ಕಳೆದು, ಈ ಶ್ರಾವಣ ಬಂತು. ಒಂದು ರವಿವಾರ ಮಧ್ಯಾಹ್ನ ಗುಡ್ಡದ ಓರೆಯಲ್ಲಿ ಹೊನ್ನವ್ವ ಮಣ್ಣು ಸರಿಸುತ್ತಿದ್ದಳು. ಗಾಳಿ ಸತ್ತಿತ್ತು. ತನ್ನ ನೆರಳು ತನ್ನ ಕಾಲ ಕೆಳಗೇ ಸೇರಿತ್ತು. ಆಗ ಹೊಳೆಯ ಕಡೆಯಿಂದ ಸಪ್ಪಳ ಕೇಳಿಸಿತು. ದಪ್. ದಪ್. ಯಾರೋ ಬಟ್ಟೆ ಒಗೆಯುತ್ತಿದ್ದಾರೆ ಎಂದು ಕೆಲಸ ಮುಂದುವರಿಸಿದಳು. ಮರುಕ್ಷಣ ಕೈ ನಿಂತಿತು. ಶ್ರಾವಣದಲ್ಲಿ ಹೊಳೆ ತುಂಬಿರುತ್ತದೆ. ಒಗೆಯುವ ಬಂಡೆಯ ಮೇಲೆ ಎರಡಾಳು ನೀರು.

ಎದ್ದು ನೋಡಿದಳು. ತುಂಬಿದ ಹೊಳೆಯ ನಡುವೆ, ಬಂಡೆ ಇರಬೇಕಾದ ಜಾಗದಲ್ಲಿ, ನೀರಿನ ಮೇಲೆ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯೆತ್ತಿ ಬಡಿಯುತ್ತಿದ್ದಳು. ಕೈ ಕೆಳಗಿಳಿದು ಎಷ್ಟೋ ಹೊತ್ತಿನ ಮೇಲೆ ಸಪ್ಪಳ ಬಂದು ಮುಟ್ಟುತ್ತಿತ್ತು. ಆಮೇಲೆ ಮುದುಕಿ ತಿರುಗಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಇವಳತ್ತ ಚಾಚಿದಳು.  ಹೊನ್ನವ್ವ ಹಾರೆ, ಬೇರಿನ ಬುಟ್ಟಿ ಎತ್ತಿಕೊಂಡು ಹಿಂದೆ ನೋಡದೆ ಮನೆಗೆ ಓಡಿದಳು. ಬಚ್ಚಲಿಗೆ ಹೋದಾಗ ಸೀರೆಯಲ್ಲಿ ರಕ್ತದ ಕಲೆ ಕಂಡಿತು.

ಅಂದಿನಿಂದ ಹೊನ್ನವ್ವ ನಕ್ಕದ್ದನ್ನು ಯಾರೂ ಕಾಣಲಿಲ್ಲ. ಹಸಿ ಕೈಯಲ್ಲಿ ಬೇರು ಮುಟ್ಟಿದ್ದಾಯಿತು, ಅತ್ತೆ ಹಾರೆ ಕಸಿಯಲು ಬಂದಿದ್ದಾಳೆ ಎಂದು ಅವಳ ಲೆಕ್ಕ. ಅಂದು ತಂದ ಬೇರನ್ನು ತಿಪ್ಪೆಯಲ್ಲಿ ಹೂತಳು. ದಾರದ ಗಂಟು ಮಾತ್ರ ಬಿಚ್ಚಲಿಲ್ಲ. ಬಿಚ್ಚಿದರೆ ದರ್ಬಾರು ಹೋಯಿತಲ್ಲ! ವಾರ ಬಿಟ್ಟು ಮತ್ತೆ ಕಲೆ ಕಂಡಿತು. ಬಟ್ಟೆ ಎಲ್ಲಿ ಒಗೆಯುವುದು? ನಳದ ಹತ್ತಿರ ಹತ್ತು ಕಣ್ಣು. ಕಡೆಗೆ ಮಟಮಟ ಮಧ್ಯಾಹ್ನ ಹೊಳೆದಂಡೆಗೆ ಹೋದಳು, ಒಬ್ಬಳೇ, ಕುಕ್ಕರಗಾಲಲ್ಲಿ ಕೂತಳು, ಕಲ್ಲಿಗೆ ಬಡಿದಳು. ದಪ್ ಎಂದದ್ದು ತನ್ನ ಬಟ್ಟೆಯೋ ಆಕೆಯದೋ ತಿಳಿಯಲಿಲ್ಲ. ನೀರಿನಲ್ಲಿ ಇಣುಕಿದರೆ ಕಂಡದ್ದು ತನ್ನ ಮುಖವೇ, ಆದರೆ ಹಣೆಯ ಹಚ್ಚೆ ಮಾಳವ್ವನದು. ಹೊನ್ನವ್ವ ಹಚ್ಚೆ ಹಾಕಿಸಿಕೊಂಡವಳೇ ಅಲ್ಲ.

ಆಮೇಲೆ ಮಾಳವ್ವ ಮನೆಯವರೆಗೂ ಬಂದಳು. ಮಧ್ಯಾಹ್ನದ ಬಿಸಿಲು ಹೊಸ್ತಿಲು ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ನೆಲ ಮಾತ್ರ ಒಣಗಿಯೇ ಇರುತ್ತಿತ್ತು. ಕೈಯಲ್ಲಿ ಅದೇ ಬಟ್ಟೆ. ಹೊನ್ನವ್ವ ಮುಖ ತಿರುಗಿಸಿ, "ಒಯ್ಯ, ನಿನ್ನ ಹಾರಿ ಒಯ್ಯ" ಎಂದು ಗೊಣಗುತ್ತಿದ್ದಳು. ಆಕೆ ಹಾರೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮುದ್ದೇಬಿಹಾಳದಿಂದ ವಿಜಯಲಕ್ಷ್ಮಿ ಬಂದಳು. ಅಲ್ಲಿಯ ಕಾಲೇಜೊಂದರಲ್ಲಿ ಗುಮಾಸ್ತಳು, ಐವತ್ತಮೂರರ ಗಟ್ಟಿ ಹೆಂಗಸು. ನಾಲ್ಕು ತಿಂಗಳಿಂದ ಉಂಡಿ ತಿನ್ನುತ್ತಿದ್ದಳು. ಸ್ಕೂಟಿ ನಿಲ್ಲಿಸಿ ಒಳಗೆ ಬರುತ್ತಲೇ ಬಾಯಿ ತೆರೆದಳು.

"ಹೊನ್ನಕ್ಕಾ, ನಿನ್ನ ಉಂಡಿ ಭಾಳ ಛಲೋ ನೋಡು! ಆಫೀಸಿನ್ಯಾಗ ಮೈ ಬೆವತು ಫೈಲ್ ತೊಗೊಂಡು ಗಾಳಿ ಹಾಕ್ಕೋತ ಕುಂದರತಿದ್ದೆ, ಈಗ ಅದೆಲ್ಲಾ ಕಡಿಮಿ." ಆಮೇಲೆ ದನಿ ಇಳಿಸಿದಳು. "ಮತ್ತೊಂದು ಕೇಳತೇನಿ. ನಿಂತು ಎರಡು ವರ್ಷ ಆಗಿತ್ತಲಾ. ಹೋದ ವಾರ ಮತ್ತ ಒಂದೀಟು ಕಾಣಿಸ್ತು. ಹಂಗಾಗತೈತೇನು?"

ಬೇರು ಹಿಡದೈತಿ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದೆ ಒಬ್ಬಳಿಗೆ ಹೇಳಿಯೂ ಇದ್ದಳು. ಹೊರ್ತಿಯ ಇಂದ್ರಾಬಾಯಿ, ನಕ್ಕರೆ ಕೆನ್ನೆ ಗುಳಿ ಬೀಳುವ ಹೆಂಗಸು, ಮೂರು ವರ್ಷದ ಹಿಂದೆ ಇದೇ ಕಂಬಳಿಯ ಮೇಲೆ ಕೂತು ಇದನ್ನೇ ಕೇಳಿದ್ದಳು. ಹರೇ ತಿರುಗಿ ಬಂದೈತಿ ಎಂದಾಗ ನಾಚಿ ನಕ್ಕಿದ್ದಳು. ಮತ್ತೆ ಬಂದಿರಲಿಲ್ಲ.

ಹೊನ್ನವ್ವ ತಲೆಯೆತ್ತಿದಳು. ವಿಜಯಲಕ್ಷ್ಮಿಯ ಹಿಂದೆ ಹೊಸ್ತಿಲ ಮೇಲೆ ಮಾಳವ್ವ ನಿಂತಿದ್ದಳು. ಈ ಸಲ ಹೊನ್ನವ್ವ ಮುಖ ತಿರುಗಿಸಲಿಲ್ಲ. ಆಕೆಯ ಕಣ್ಣು ಬಿಟ್ಟು ಕೈ ನೋಡಿದಳು. ಮುದುಕಿ ಬಟ್ಟೆಯ ಎರಡೂ ತುದಿ ಹಿಡಿದು, ಅಂಗಡಿಯವನು ಸೀರೆ ಬಿಚ್ಚಿ ತೋರಿಸುವಂತೆ ಅಗಲಕ್ಕೆ ಹರವಿದ್ದಳು. ಕಲೆ ನಟ್ಟನಡುವೆ ಇತ್ತು. ಬದುಕಿದ್ದಾಗ ಬೆನ್ನ ಹಿಂದೆ ಬಚ್ಚಿಟ್ಟದ್ದನ್ನು ಸತ್ತ ಮೇಲೆ ಬಂದು ಬಂದು ತೋರಿಸುತ್ತಿದ್ದಳು. ಅಯ್ಯೋ ಹುಚ್ಚಿ, ಆಕೆ ಹಾರೆ ಕೇಳಲು ಬಂದವಳೇ ಅಲ್ಲ!

ಹೊನ್ನವ್ವ ವಿಜಯಲಕ್ಷ್ಮಿಯ ಕೈ ಹಿಡಿದಳು. "ಅಕ್ಕಾರ" ಎಂದಳು, "ನನಗೂ ಬಂದೈತ್ರಿ. ನಮ್ಮತ್ತಿಗೂ ಬಂದಿತ್ತು, ಮುಚ್ಚಿಟ್ಟು ಸತ್ತಳು. ಇದು ಉಂಡಿ ಕೆಲಸ ಅಲ್ಲ. ನಡೀರಿ, ಈಗಿಂದೀಗ ದವಾಖಾನಿಗೆ ಹೋಗೂಣು."

ಮುದ್ದೇಬಿಹಾಳದ ದವಾಖಾನೆಯಲ್ಲಿ ಡಾಕ್ಟರ್ ನಸ್ರೀನ ಇಬ್ಬರನ್ನೂ ಪರೀಕ್ಷೆ ಮಾಡಿದಳು. ಹೊನ್ನವ್ವ ಹಾರೆಯಿಂದ ಬಿಚ್ಚಿ ತಂದಿದ್ದ ದಾರವನ್ನು ಸೆರಗಿನ ಗಂಟಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಕಟ್ಟಳೆಯನ್ನೆಲ್ಲ ಹೇಳಿದಳು, ಒಂದೂ ಬಿಡಲಿಲ್ಲ. ಡಾಕ್ಟರು ಬೈಯುತ್ತಾಳೆಂದು ಮೈ ಹಿಡಿಮಾಡಿ ಕೂತಿದ್ದಳು. ನಸ್ರೀನ ದಾರವನ್ನು ಬೆರಳಲ್ಲಿ ಎಣಿಸಿದಳು.

"ಹನ್ನೆರಡು. ನಾವೂ ಇಷ್ಟ ಎಣಸತೇವಿ ನೋಡಬೇ. ಹನ್ನೆರಡು ತಿಂಗಳು ಆಗದಿದ್ರ ಮುಟ್ಟು ನಿಂತಂಗ. ಅಲ್ಲೀತನಕ ನಿಮ್ಮ ಹಿರ್ಯಾರು ಖರೇನ ಹೇಳ್ಯಾರ. ಅದರ ಮ್ಯಾಲ ಒಂದು ಹನಿ ಕಂಡ್ರೂ ಲಗೂನ ಬಂದು ತೋರಸಬೇಕು. ಅದನ್ನ ಮಾತ್ರ ಯಾರೂ ಹೇಳಲಿಲ್ಲ."

"ಉಂಡಿಯಿಂದ ಆತೇನ್ರಿ ಬಾಯಾರ?"

"ಹಂಗಂತ ನಾ ಹೇಳಾಕ ಬರೂದಿಲ್ಲ. ಅಗಸಿ, ಎಳ್ಳು ಮನ್ಯಾಗ ಎಲ್ಲಾರೂ ತಿಂತೀವಿ. ಬೇರು ಮಾತ್ರ ಈಗ ನಿಲ್ಲಸ್ರಿ. ಇನ್ನ ಮ್ಯಾಲ ಯಾರಿಗೂ ಕೇಳದ ಕೊಡಬ್ಯಾಡ್ರಿ. ಈಗ ಇದು ಏನಂತ ನೋಡೂಣು."

ವಿಜಯಲಕ್ಷ್ಮಿಯದು ಅಪಾಯವಿಲ್ಲದ ಸಣ್ಣ ಗಂಟು, ತೆಗೆದು ಮನೆಗೆ ಕಳಿಸಿದರು. ಹೊನ್ನವ್ವನದು ಅದಲ್ಲ. ಗರ್ಭಕೋಶದಲ್ಲಿ ಕ್ಯಾನ್ಸರ್. ವಿಜಯಪುರದಲ್ಲಿ ಆಪರೇಷನ್ ಆಯಿತು. ಇನ್ನೂ ಹೊರಗೆ ಹಬ್ಬಿಲ್ಲ, ವೇಳೆಗೆ ಬಂದಿರಿ ಎಂದರು ಅಲ್ಲಿಯ ಡಾಕ್ಟರು. ಮಾಳಿಂಗ ಕುರಿ ಬಿಟ್ಟು ಹದಿನೈದು ದಿನ ದವಾಖಾನೆಯ ಜಗುಲಿಯಲ್ಲೇ ಕೂತಿದ್ದ. "ನನಗರೆ ಹೇಳಬಾರದೇನ?" ಎಂದ. "ನೀ ಯಾವಾಗ ಕೇಳಿದ್ದಿ?" ಎಂದಳು ಹೊನ್ನವ್ವ.

ದೀಪಾವಳಿ ಕಳೆದು ಹೊಲಿಗೆ ಮಾಯ್ದ ಮೇಲೆ ಹೊನ್ನವ್ವ ಬಸ್ಸು ಹತ್ತಿ ಹೊರ್ತಿಗೆ ಹೋದಳು. ಮಾಳವ್ವ ಆಗಲೇ ಬರುವುದನ್ನು ಬಿಟ್ಟಿದ್ದಳು. ಇಂದ್ರಾಬಾಯಿಯ ಮನೆ ಕೇಳಿಕೊಂಡು ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಮಗಳು ಪ್ರಿಯದರ್ಶಿನಿ ಬಾಗಿಲು ತೆರೆದಳು. ಅವಳ ಕೆನ್ನೆಯಲ್ಲೂ ಗುಳಿ ಇತ್ತು.

"ಅವ್ವ ತೀರಿಕೊಂಡು ಎರಡು ವರ್ಷ ಆತ್ರಿ. ಯಾರಿಗೂ ಹೇಳಿದ್ದಿಲ್ಲ. ದವಾಖಾನಿಗೆ ಒಯ್ಯೂದರಾಗ ಎಲ್ಲಾ ಮುಗದಿತ್ತು. ನೀವು ತಂಗಡಗಿ ಹೊನ್ನಮ್ಮಾರ ಏನ್ರಿ?"

ಹುಡುಗಿ ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದಳು. ಒಳಗೆ ಆರು ಉಂಡಿ, ಕಲ್ಲಾಗಿದ್ದವು. "ನನಗ ಗುಣ ಆಗ್ಯಾವು, ಉಳಿದಿದ್ದು ಹೊನ್ನಮ್ಮಾರಿಗೆ ತಿರುಗಿ ಕೊಡು, ಮತ್ತ ಯಾರಿಗರೆ ಆಗತಾವು ಅಂತ ಅವ್ವ ಹೇಳತಿದ್ಲ್ರಿ."

ಹೊನ್ನವ್ವ ಅಲ್ಲೇ ಕುಸಿದು ಕೂತಳು. "ಯವ್ವಾ, ನಾನ ತಪ್ಪು ಹೇಳಿದೆ. ಬೇರು ಹಿಡದೈತಿ ಅಂದಾಕಿ ನಾನ. ಅವತ್ತ ದವಾಖಾನಿಗೆ ಹೋಗು ಅಂದಿದ್ರ ನಿಮ್ಮವ್ವ ಉಳೀತಿದ್ಲೋ ಏನೋ" ಎಂದು ಹಣೆ ಬಡಿದುಕೊಂಡು ಅತ್ತಳು. ಪ್ರಿಯದರ್ಶಿನಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಹೊನ್ನವ್ವನ ಮುಂದಿಟ್ಟಳು.

ಆಗ ಹಿತ್ತಲ ಕಡೆಯಿಂದ ಸಪ್ಪಳ ಬಂತು. ದಪ್. ದಪ್. ಹೊರ್ತಿಯಲ್ಲಿ ಹೊಳೆಯಿಲ್ಲ.

"ಹಿತ್ತಲಾಗ ಯಾರ ಅದಾರ?"

"ಯಾರೂ ಇಲ್ಲಲ್ರಿ, ಅವ್ವ ಬಟ್ಟಿ ಒಗೀತಿದ್ದ ಕಲ್ಲೊಂದ ಐತಿ" ಎಂದಳು ಹುಡುಗಿ.

ಹೊನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಿಮ್ಮ ಓಣ್ಯಾಗ ನಲವತ್ತೈದು ದಾಟಿದ ಹೆಣ್ಣಮಕ್ಕಳು ಎಷ್ಟ ಮಂದಿ ಅದಾರ? ಎಲ್ಲಾರ್ನೂ ಕರಿಯವ್ವಾ. ಉಂಡಿಯಾಕಿ ಬಂದಾಳ ಅನ್ನು, ಬರತಾರ."

ಹೆಂಗಸರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತರು. ಮಳೆಯ ಮಾತು, ಸೊಸೆಯ ಮಾತು, ಮೊಣಕಾಲಿನ ಮಾತು ಶುರುವಾದವು. ಹಿತ್ತಲಲ್ಲಿ ಸಪ್ಪಳ ನಿಂತಿರಲಿಲ್ಲ. ಹೊನ್ನವ್ವ ದಾರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಆ ಸಪ್ಪಳವನ್ನು ಮೀರಿಸುವಷ್ಟು ದನಿ ಎತ್ತರಿಸಿ, "ಮುಟ್ಟು" ಎಂದು ಮಾತು ಶುರು ಮಾಡಿದಳು.