ನನ್ನ ಫೋನ್ ಒಂದನ್ನು ಬಿಟ್ಟು

ನನಗೆ ಅನುಮಾನ ಜಾಸ್ತಿ. ಹಾಲಿನವನು ಅಳೆದು ಹಾಕಿದ ಮೇಲೂ ಪಾತ್ರೆ ಎತ್ತಿ ನೋಡುವವಳು ನಾನು. ಚನ್ನಗಿರಿಯ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿದು ಕೊಡುತ್ತೇನೆ. ಅಳತೆಗೆಂದು ಕೊಟ್ಟ ಹಳೆಯ ಬ್ಲೌಸನ್ನು ನಂಬದೆ, ಟೇಪು ಹಿಡಿದು ಮತ್ತೊಮ್ಮೆ ಮೈ ಅಳೆಯುತ್ತೇನೆ. ಹೊಲಿಗೆ ಕೆಲಸಕ್ಕೆ ಈ ಗುಣ ಒಳ್ಳೆಯದೇ. ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಅತ್ತೆ ಹೇಳುತ್ತಿದ್ದರು. ಅತ್ತೆಯ ಮಾತನ್ನೂ ನಾನು ಪೂರ್ತಿ ನಂಬುತ್ತಿರಲಿಲ್ಲ ಅನ್ನಿ.

ನನ್ನ ಗಂಡ ಲಗೇಜ್ ಗಾಡಿ ಓಡಿಸುತ್ತಾರೆ. ಅಡಿಕೆ ಮೂಟೆ, ಮೆಕ್ಕೆಜೋಳ, ಮದುವೆ ಮನೆಯ ಪಾತ್ರೆ ಪಡಗ, ಯಾರು ಏನು ಹೇರಿದರೂ ಹೊರಟರು. ಮನೆಯಲ್ಲಿ ಇವರ ಬಾಯಿಂದ ಎರಡು ಮಾತು ಹೊರಡಬೇಕಾದರೆ ನಾನು ಹತ್ತು ಆಡಬೇಕು. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುವ ಮನುಷ್ಯ. ಇಂಥವರು ಸ್ಟೇರಿಂಗ್ ಹಿಡಿದರೆ ಏನಾಗುತ್ತಾರೆ ಎಂಬುದು ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಜಗಳೂರಿಗೆ ಹೋದ ದಿನ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಗಾಡಿ ಆ ಕಡೆ ಹೊರಟಿದೆ, ಬಾ ಎಂದರು, ಪಕ್ಕದಲ್ಲಿ ಕೂತೆ. ಬಿಳಿಚೋಡು ದಾಟುವ ಹೊತ್ತಿಗೆ ಇವರಿಗೆ ನಾಲ್ಕು ಫೋನ್ ಬಂದಿತ್ತು. ನಾಲ್ಕನ್ನೂ ಒಂದು ಕೈಯಲ್ಲಿ ಎತ್ತಿದರು, ಇನ್ನೊಂದು ಕೈಯಲ್ಲಿ ಗಾಡಿ. ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ. ಎದುರಿಗೆ ರಸ್ತೆ ತುಂಬ ಕುರಿ ಹಿಂಡು ಬಂತು, ಇವರು ನಿಧಾನ ಮಾಡಿದರು, ಅಷ್ಟರಲ್ಲಿ ಹಿಂದಿನಿಂದ ಒಂದು ಖಾಸಗಿ ಬಸ್ಸು ಹಾರ್ನ್ ಬಾರಿಸುತ್ತ ನಮ್ಮನ್ನು ಸವರಿಕೊಂಡೇ ಮುಂದೆ ನುಗ್ಗಿತು. ಕನ್ನಡಿ ಮಡಿಚಿಕೊಂಡಿತು. ಅಲ್ಲಿಂದ ಶುರುವಾಯಿತು ನೋಡಿ ಇವರ ಅವತಾರ. ನಾನು ಹನ್ನೊಂದು ವರ್ಷದಲ್ಲಿ ಕೇಳದ ಬೈಗುಳಗಳನ್ನೆಲ್ಲ ಒಂದು ಮೈಲಿಯಲ್ಲಿ ಕೇಳಿದೆ. ಬಸ್ಸನ್ನು ಅಟ್ಟಿಸಿಕೊಂಡು ಹೋಗಿ, ಅದು ಸ್ಟಾಪಿನಲ್ಲಿ ನಿಂತಾಗ ಗಾಡಿಯನ್ನು ಅಡ್ಡ ಹಾಕಿ ಇಳಿದರು. ಬಸ್ಸಿನ ಡ್ರೈವರೂ ಇಳಿದ. ಫೋನ್ ಹಿಡ್ಕಂಡು ಗಾಡಿ ಓಡಸ್ತೀಯ ಎಂದು ಇವರು ಅವನನ್ನು, ಅವನು ಇವರನ್ನು ಬೈಯುತ್ತಿದ್ದರು. ಇಬ್ಬರ ಕೈಯಲ್ಲೂ ಫೋನಿತ್ತು. ಇವರ ಫೋನಿನೊಳಗಿಂದ ಯಾರೋ ಇನ್ನೂ ಹಲೋ ಹಲೋ ಎನ್ನುತ್ತಿದ್ದ. ಬಸ್ಸಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಈ ಮನುಷ್ಯ ಒಂದು ದಿನ ಯಾರನ್ನಾದರೂ ಕೊಲ್ಲುತ್ತಾರೆ, ಇಲ್ಲ ತಾವೇ ಹೋಗುತ್ತಾರೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಜೊತೆಗೆ ಇನ್ನೊಂದು ಅನುಮಾನವೂ ಇತ್ತು, ಮುಚ್ಚಿಡುವುದೇಕೆ. ಮನೆಯಲ್ಲಿ ಮಾತೇ ಆಡದವರು ಫೋನಿನಲ್ಲಿ ಅಷ್ಟೊತ್ತು ಯಾರ ಜೊತೆ ಆಡುತ್ತಾರೆ? ಕೇಳಿದರೆ ವ್ಯಾಪಾರಿಗಳು ಅಂದರು. ಅಡಿಕೆ ರೇಟು ಎದ್ದಿತು ಅಂತಾರೆ, ಬಿತ್ತು ಅಂತಾರೆ, ಲೋಡು ಐತೆ ಬಾ ಅಂತಾರೆ, ಎತ್ತದಿದ್ರೆ ಬೇರೆ ಗಾಡಿ ಕರೀತಾರೆ ಅಂದರು. ಉತ್ತರ ಸರಿಯಾಗಿಯೇ ಇತ್ತು. ಸರಿಯಾಗಿದ್ದ ಉತ್ತರ ಕೇಳಿದರೆ ನನಗೆ ಇನ್ನೂ ಅನುಮಾನ.

ಒಂದು ಸೋಮವಾರ ನಾನು ಹಟ ಹಿಡಿದೆ. ಆಣೆ ಮಾಡಿದರೇ ಊಟ ಎಂದೆ. ಅತ್ತೆ ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು ಮಗನ ಅಂಗೈಯಲ್ಲಿಟ್ಟರು. ವಿಭೂತಿ ಹಿಡಿದು ಆಡಿದ ಮಾತಿಗೆ ತಪ್ಪಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮಲ್ಲಿ ಗಟ್ಟಿ ನಂಬಿಕೆ. ಗಾಡಿ ಓಡಿಸುವಾಗ ಯಾರ ಫೋನನ್ನೂ ಎತ್ತುವುದಿಲ್ಲ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅತ್ತೆಗೆ ಉಬ್ಬಸ, ಯಾವಾಗ ಏನಾಗುತ್ತದೋ ಹೇಳಲಾಗದು, ಅದಕ್ಕೆ ನಾನೇ ಬಾಯಿ ಹಾಕಿ, ನನ್ನ ಫೋನ್ ಒಂದನ್ನು ಬಿಟ್ಟು ಎಂದು ಸೇರಿಸಿದೆ. ಇವರು ಒಪ್ಪಿ ಹಾಗೆಯೇ ಇನ್ನೊಮ್ಮೆ ಹೇಳಿದರು. ಗಾಡಿ ನಿಲ್ಲಿಸಿ ಎತ್ತಬೇಕು ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಉಂಡೆವು.

ಆಣೆ ಮಾಡಿಸಿದವಳು ಸುಮ್ಮನಿರಬೇಕೋ ಬೇಡವೋ? ನನಗೆ ಅದನ್ನೂ ಅಳೆದು ನೋಡಬೇಕು. ಮಧ್ಯಾಹ್ನ ಮಷೀನು ತುಳಿಯುತ್ತ ಇದ್ದಕ್ಕಿದ್ದಂತೆ ಯೋಚನೆ ಬರುವುದು, ಈಗ ಯಾರ ಜೊತೆ ಮಾತಾಡುತ್ತಿರಬಹುದು ಅಂತ. ಕತ್ತರಿ ಕೆಳಗಿಟ್ಟು ಫೋನ್ ಮಾಡುವೆ. ನನ್ನ ಲೆಕ್ಕಾಚಾರ ಇಷ್ಟೇ: ರಿಂಗಾದರೆ ಸರಿ, ಬೇರೊಂದು ಕರೆಯಲ್ಲಿದ್ದಾರೆ ಎಂದು ಫೋನ್ ಕಂಪನಿಯ ಆ ಹೆಂಗಸಿನ ದನಿ ಬಂದರೆ ಸಿಕ್ಕಿಬಿದ್ದರು. ಆ ದನಿ ಬರಲಿ ಎಂದೇ ಕಾಯುತ್ತಿದ್ದೆನೇನೋ. ಇವರು ಮಾತ್ರ ಎರಡನೇ ರಿಂಗಿಗೆ ಎತ್ತಿ, ಅವ್ವಗೆ ಏನಾತು ಅನ್ನುತ್ತಿದ್ದರು. ಏನಿಲ್ಲ, ಊಟ ಆತಾ ಅಂತ ಕೇಳಾಕೆ ಮಾಡಿದೆ ಎಂದು ಇಟ್ಟುಬಿಡುತ್ತಿದ್ದೆ. ಮನಸ್ಸಿಗೆ ಅರ್ಧ ಗಂಟೆ ಸಮಾಧಾನ. ಆಮೇಲೆ ಮತ್ತೆ ಹುಳ ಕೊರೆಯಲು ಶುರು.

ಒಂದು ದಿನ ಸೂಳೆಕೆರೆ ಕಡೆಯಿಂದ ಬ್ಲೌಸ್ ಹೊಲಿಸಲು ಬಂದವರೊಬ್ಬರು, ನಿಮ್ಮನೆಯವರನ್ನು ಸಂತೇಬೆನ್ನೂರಿನ ಹತ್ತಿರ ನೋಡಿದೆ, ಕಿವಿಗೆ ಫೋನಿತ್ತು ಎಂದರು. ಟೇಪು ಕೆಳಗಿಟ್ಟೆ. ಗಾಡಿ ಓಡ್ತಾ ಇತ್ತಾ ಎಂದು ಕೇಳಿದೆ. ಓಡ್ತಾ ಇತ್ತು ಎಂದರು. ಆಣೆ ಮುರಿದರಲ್ಲ ಎಂದು ಮೈ ಉರಿದುಹೋಯಿತು. ಸಾಯಂಕಾಲ ಕೇಳಿದರೆ ಇಲ್ಲವೇ ಇಲ್ಲ ಎಂದರು. ಸುಳ್ಳು ಬೇರೆ, ಅಂದುಕೊಂಡೆ. ಮರುದಿನದಿಂದ ನನ್ನ ಫೋನು ದಿನಕ್ಕೆ ಎರಡರ ಬದಲು ಆರು ಸಲ ಹೋಗತೊಡಗಿತು.

ಮೆಕ್ಕೆಜೋಳದ ಸುಗ್ಗಿ ಬಂತು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಕಡೆಯಲ್ಲೆಲ್ಲ ಡಾಂಬರು ರಸ್ತೆಯ ಅರ್ಧಕ್ಕೆ ಜೋಳ ಹರವಿರುತ್ತಾರೆ. ಕಣ ಮಾಡುವವರು ಈಗ ಯಾರಿದ್ದಾರೆ, ರಸ್ತೆಯೇ ಕಣ. ಜೋಳದ ಅಂಚಿಗೆ ಸಾಲಾಗಿ ಕಲ್ಲಿಟ್ಟು, ಹೆಂಗಸರು ಕಾಲಿನಲ್ಲಿ ಗೆರೆ ಎಳೆಯುತ್ತ ಕಾಳನ್ನು ತಿರುವಿ ಒಣಗಿಸುತ್ತಾರೆ. ಓಡಾಡುವ ಗಾಡಿಗಳಿಗೆ ಉಳಿಯುವುದು ಉಳಿದ ಅರ್ಧ.

ಅವತ್ತು ಇವರು ನ್ಯಾಮತಿಯಿಂದ ಲೋಡು ತರಲು ಹೋಗಿದ್ದರು. ಹನ್ನೊಂದೂವರೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು. ಎರಡನೇ ಸಲ ಮಾಡಿದೆ, ಎತ್ತಲಿಲ್ಲ. ಯಾವತ್ತೂ ಎತ್ತುವವರು ಇವತ್ತು ಯಾಕೆ ಎತ್ತುತ್ತಿಲ್ಲ? ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡಿದ್ದಾರಾ? ಮೂರನೇ ಸಲ ಮಾಡಿದೆ. ಎತ್ತಿದರು.

"ಹೇಳು, ಅವ್ವಗೆ ಏನಾತು?"

"ಅವ್ವಗೆ ಏನೂ ಆಗಿಲ್ಲ. ಯಾಕೆ ಎತ್ತಲಿಲ್ಲ, ಯಾರದಾರ್ರೀ ಜೊತೆಗೆ?"

ಚಕ್ರ ಕಲ್ಲಿಗೆ ಹತ್ತಿದ ಸದ್ದು, ಆಮೇಲೆ ಒಬ್ಬ ಹೆಂಗಸು ಕೂಗಿದ್ದು, ಅಷ್ಟು ಕೇಳಿಸಿತು. ಆ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಇವರ ಗೆಳೆಯ ಡ್ರೈವರೊಬ್ಬರು ಫೋನ್ ಮಾಡಿ ತಿಳಿಸಿದ ಮೇಲೆ ನಾನು ಬಸ್ಸು ಹಿಡಿದು ಹೊನ್ನಾಳಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಊರಿನವರು ಇವರನ್ನು ಸುತ್ತುವರಿದಿದ್ದರು. ಜೋಳ ತಿರುವುತ್ತಿದ್ದ ಹೆಂಗಸಿನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಇವರ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಯಾರೋ ಹೊಡೆದಿದ್ದರು. ಬಸ್ಸಿನವನ ಮೇಲೆ ಏರಿಹೋಗಿದ್ದ ಮನುಷ್ಯ ಕೈಕಟ್ಟಿ ನಿಂತಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದುದನ್ನು ನಾಲ್ಕು ಜನ ಕಣ್ಣಾರೆ ಕಂಡಿದ್ದರಿಂದ, ಯಾರ ಜೊತೆ ಎಂದು ಆ ಹೆಂಗಸಿನ ತಮ್ಮ ಕೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದನ್ನು ಇವರು ನೋಡಿದರು.

"ವ್ಯಾಪಾರಿ ಮಾಡಿದ್ದ ಕಣಪ್ಪ. ರೇಟು ಕೇಳಾಕೆ ಎತ್ತಿದೆ. ತಪ್ಪು ನಂದು" ಎಂದರು.

ನಾನು ಬಾಯಿ ತೆರೆಯಲಿಲ್ಲ. ಹೆದರಿಕೆಯಾಯಿತು, ಅದೇ ನಿಜ. ಪೊಲೀಸರ ಮುಂದೆಯೂ ಇವರು ಅದನ್ನೇ ಹೇಳಿದರು. ಮನೆಗೆ ಬಂದಾಗ ಅತ್ತೆ, ವಿಭೂತಿ ಹಿಡಿದು ಮಾತು ಕೊಟ್ಟು ತಪ್ಪಿದೆಯಲ್ಲೋ, ನಿನ್ನನ್ನು ಹೆತ್ತದ್ದಕ್ಕೆ ನಾಚಿಕೆಯಾಗುತ್ತದೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇವರು ತಲೆತಗ್ಗಿಸಿ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಆಗಲೂ ನಾನು ಸುಮ್ಮನಿದ್ದೆ.

ಇವರ ಫೋನು ಕಿಟಕಿಯ ಮೇಲಿತ್ತು. ನನ್ನ ಗುಣ ಬಿಡಬೇಕಲ್ಲ, ಎತ್ತಿಕೊಂಡು ನೋಡಿದೆ. ಆಣೆ ಮಾಡಿದ ದಿನದಿಂದ ಹಗಲು ಹೊತ್ತು ಬಂದ ವ್ಯಾಪಾರಿಗಳ ಫೋನುಗಳೆಲ್ಲ ಕೆಂಪು ಅಕ್ಷರದಲ್ಲಿದ್ದವು, ಒಂದನ್ನೂ ಎತ್ತಿರಲಿಲ್ಲ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಅವರಿಗೆಲ್ಲ ಇವರೇ ತಿರುಗಿ ಮಾಡಿದ್ದರು. ಎತ್ತಿದ್ದೆಲ್ಲ ನನ್ನದು. ಸಂತೇಬೆನ್ನೂರಿನ ದಿನ, ಆ ಹೊತ್ತಿನಲ್ಲಿ ಇದ್ದದ್ದೂ ನನ್ನದೇ. ನನ್ನ ಫೋನನ್ನು ಇವರು ಫೋನಿನ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದಕ್ಕೇ ಅವತ್ತು ಇಲ್ಲವೇ ಇಲ್ಲ ಎಂದದ್ದು. ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ರೆ ಕಾಲು ಕೂಡ್ಕಂಬುತ್ತಾ ಎಂದರು, ಅಷ್ಟೇ.

ಎರಡು ತಿಂಗಳು ತಡೆದುಕೊಂಡೆ. ಆಮೇಲೆ ಇವರಿಗೆ ಹೇಳದೆ ನ್ಯಾಮತಿ ಬಸ್ಸು ಹತ್ತಿ ಕಾಲು ಮುರಿದ ಹೆಂಗಸಿನ ಊರಿಗೆ ಹೋದೆ. ಹೆಂಗಸು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಾಲಿಗೆ ರಾಡು ಹಾಕಿದ್ದರು, ಪಕ್ಕದಲ್ಲಿ ಊರುಗೋಲು. ಗಾಡಿಯವರ ಹೆಂಡತಿ ಎಂದು ಗೊತ್ತಾದರೂ ಒಳಗೆ ಕರೆದು ಕೂರಿಸಿ ನೀರು ಕೊಡಿಸಿದರು. ವೈದ್ಯರು ಇನ್ನು ಮೊದಲಿನಂತೆ ನಡೆಯಲಾಗದು ಎಂದಿದ್ದಾರಂತೆ. ಹೊಲದ ಕೆಲಸ ಮುಗೀತು ಕಣವ್ವ ಎಂದು ಅವರೇ ಹೇಳಿದರು. ನನಗೆ ತಡೆಯಲಾಗಲಿಲ್ಲ. ವ್ಯಾಪಾರಿ ಅಂದದ್ದು ಸುಳ್ಳು, ಆ ಫೋನ್ ಮಾಡಿದ್ದು ನಾನು, ಒಂದಲ್ಲ ಮೂರು ಸಲ ಮಾಡಿದ್ದೆ ಎಂದುಬಿಟ್ಟೆ.

ಬೈಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಎಂದು ಕಾದೆ. ಅವರು ಕಾಲನ್ನು ಎರಡು ಕೈಯಿಂದ ಎತ್ತಿ ಸರಿಸಿಕೊಂಡು ನನ್ನ ಮುಖ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ಮೂರು ಸಲ ಮಾಡಿದ್ದೀ ಅಂದ್ರೆ ಏನೋ ಇದ್ದಿರ್ಬೇಕು. ಏನ್ ಹೇಳಾಕೆ ಮಾಡಿದ್ದೆ ತಂಗಿ?"

ಅತ್ತೆಗೆ ಉಬ್ಬಸ ಬಂದಿತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಏನೂ ಇರ್ಲಿಲ್ಲಕ್ಕ" ಎಂದೆ.